ಮುಂಡೇವಿನ ಪೊದೆ ಕಡಿಸಿದವಳ ತಕರಾರು

ಮಾನ್ಯ ಪಂಚಾಯತು ಕಾರ್ಯದರ್ಶಿಯವರೇ,

ನಮ್ಮೂರಿನ ಹಳ್ಳವಾದ ಕುಂಟಾಲಮೂಲೆ ತೋಡಿನ ದಂಡೆ ಹಾಳು ಮಾಡಿದವರು ಇಬ್ಬರು. ಒಂದು ತಮ್ಮ ಕಚೇರಿ, ಇನ್ನೊಂದು ನಾನು. ತಮ್ಮ ಕಚೇರಿಯ ವಿರುದ್ಧ ದೂರು ಕೊಡಲು ತಮ್ಮ ಕಚೇರಿಗೇ ಬರಬೇಕು, ನನ್ನ ವಿರುದ್ಧ ಕೊಡುವುದಾದರೂ ಅಲ್ಲಿಗೇ. ಎರಡು ಸಲ ಬಸ್ಸು ಹತ್ತುವ ಬದಲು ಎರಡನ್ನೂ ಪತ್ರಿಕೆಯಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ. ವಿಷಯ ಇಷ್ಟು: ಬರುವ ಸೋಮವಾರ ಶುರುವಾಗಲಿರುವ ‘ತೋಡು ಶುಚೀಕರಣ, ಎರಡನೇ ಹಂತ’ ನಿಲ್ಲಬೇಕು. ಸೇತುವೆಯಿಂದ ಕೆಳಗೆ, ನೀರು ಹರಿದುಹೋಗುವ ಕಡೆ ಉಳಿದಿರುವ ಮುಂಡೇವಿನ ಪೊದೆಗಳನ್ನು ಯಾರೂ ಮುಟ್ಟಬಾರದು.

ಮುಂಡೇವು ಅಂದರೆ ತಮಗೆ ಗುರುತು ಸಿಗಲಿಕ್ಕಿಲ್ಲ, ಯಾಕೆಂದರೆ ತಮ್ಮ ಎಸ್ಟಿಮೇಟಿನಲ್ಲಿ ಅದರ ಹೆಸರು ‘ಅನಗತ್ಯ ಸಸ್ಯ’. ಅದು ಕೇದಗೆಯ ಜಾತಿಯ ಗಿಡ. ಕತ್ತಿಯಂಥ ಉದ್ದ ಓಲೆ, ಅಂಚಿಗೆಲ್ಲ ಮುಳ್ಳು. ಬೇರುಗಳನ್ನು ಮಣ್ಣಿಗೂ ನೀರಿಗೂ ಇಳಿಸಿ ದಂಡೆಯನ್ನು ಹಿಡಿದುಕೊಂಡು ನಿಲ್ಲುತ್ತದೆ. ಆ ಬೇರುಗಳ ಸಂದಿಯಲ್ಲಿ ಮುಗುಡು ಮೀನು ಮರಿ ಮಾಡುತ್ತದೆ, ಪೊದೆಯೊಳಗೆ ಹುಂಡುಕೋಳಿ ಗೂಡು ಕಟ್ಟುತ್ತದೆ. ಇದೆಲ್ಲ ನನಗೆ ಈಗ ಗೊತ್ತು. ‘ಅನಗತ್ಯ ಸಸ್ಯ’ ಎಂಬ ಪದವನ್ನು ತಮ್ಮ ಎಸ್ಟಿಮೇಟಿಗೆ ಒದಗಿಸಿದವಳೂ ನಾನೇ.

ಎರಡು ವರ್ಷದ ಹಿಂದೆ ಕಾಸರಗೋಡಿನ ಒಂದು ಶಿಬಿರದಲ್ಲಿ ನನಗೆ ಹದಿನಾರು ಪುಟದ ಕಿರುಹೊತ್ತಗೆಯೊಂದು ಸಿಕ್ಕಿತು. ಹಿಂದಿರುಗುವಾಗ ಬಸ್ಸಿನಲ್ಲಿ ಓದಲು ಶುರು ಮಾಡಿದೆ. ಸೀತಾಂಗೋಳಿಯಲ್ಲಿ ಇಳಿಯುವಷ್ಟರಲ್ಲಿ ನಾನು ಜಲತಜ್ಞೆಯಾಗಿದ್ದೆ. ‘ಹಳ್ಳದ ಹರಿವಿಗೆ ಅಡ್ಡಿಯಾಗುವ ಗಿಡಗಂಟಿಗಳನ್ನು ಬೇರುಸಹಿತ ತೆಗೆಯಿರಿ’ ಎಂದು ಒಂಬತ್ತನೇ ಪುಟದಲ್ಲಿತ್ತು. ಯಾವ ಊರಿನ ಹಳ್ಳ, ಯಾವ ಗಿಡ ಎಂಬುದು ಹತ್ತನೇ ಪುಟದಲ್ಲಿತ್ತು. ನನ್ನ ಕ್ರಾಂತಿಗೆ ಒಂಬತ್ತು ಪುಟ ಸಾಕಾಯಿತು. ಆ ವಾರವೇ ಐದು ಜನರ ‘ತೋಡು ಸಂರಕ್ಷಣಾ ಸಮಿತಿ’ ಕಟ್ಟಿದೆ. ಸಂಚಾಲಕಿ ನಾನು. ಉಳಿದ ನಾಲ್ವರಲ್ಲಿ ಇಬ್ಬರಿಗೆ ಸಮಿತಿಯಲ್ಲಿ ಹೆಸರಿರುವುದೇ ಇನ್ನೂ ಗೊತ್ತಿಲ್ಲ.

ತಮಗೆ ಆರು ಪುಟದ ಮನವಿ ಬರೆದೆ. ಬರೆದದ್ದು ಎಲ್ಲಿ ಕುಳಿತು ಎಂದು ಕೇಳಿ. ನಮ್ಮ ಚಾವಡಿಯಲ್ಲಿ, ಮುಂಡೇವಿನ ಚಾಪೆಯ ಮೇಲೆ. ಆ ಚಾಪೆ ಯಾವ ಗಿಡದ್ದೆಂದು ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಆದರೆ ಚಾಪೆ ಮನೆಯ ವಸ್ತು, ಪೊದೆ ಸಾರ್ವಜನಿಕ ಸಮಸ್ಯೆ. ಎರಡನ್ನೂ ಒಟ್ಟಿಗೆ ಯೋಚಿಸಲು ನನಗೆ ಪುರುಸೊತ್ತಿರಲಿಲ್ಲ, ಪ್ರಕೃತಿಯನ್ನು ಉಳಿಸುವ ಕೆಲಸವಿತ್ತು.

ಆ ಚಾಪೆ ಹೆಣೆದವರು ತೋಡಿನ ಬದಿಯಲ್ಲೇ ಮನೆಯಿರುವ ಪಂಕಜಾಕ್ಷಕ್ಕ. ಮೂವತ್ತು ವರ್ಷದಿಂದ ಅವರ ಬದುಕು ಆ ಪೊದೆಗಳಲ್ಲಿ. ಹೊರಗಿನ ಓಲೆಗಳನ್ನಷ್ಟೇ ಕೊಯ್ಯುತ್ತಾರೆ, ನಡುವಿನ ಸುಳಿಯನ್ನು ಮುಟ್ಟುವುದಿಲ್ಲ. ನೀರಿಗೆ ಅಡ್ಡ ಬಾಗಿದ ಕವಲನ್ನು ಕಡಿದು, ದಂಡೆಯಲ್ಲಿ ಮಣ್ಣು ಸಡಿಲವಾದ ಕಡೆ ಊರುತ್ತಾರೆ. ತಮ್ಮ ಭಾಷೆಯಲ್ಲಿ ಹೇಳುವುದಾದರೆ ಅದು ‘ಜಲಾನಯನ ನಿರ್ವಹಣೆ’. ಅವರ ಭಾಷೆಯಲ್ಲಿ ಅದು ಓಲೆಗೆ ಹೋಗುವುದು.

ಗ್ರಾಮಸಭೆಯಲ್ಲಿ ನಾನು ಇಪ್ಪತ್ತೆರಡು ನಿಮಿಷ ಮಾತಾಡಿದ ಮೇಲೆ ಪಂಕಜಾಕ್ಷಕ್ಕ ಎದ್ದು ನಿಂತರು. ಮೈಕು ಅವರ ಕೈಗೆ ಸಿಗಲಿಲ್ಲ, ಅದು ನನ್ನ ಕೈಯಲ್ಲಿತ್ತು. “ಅದನ್ನು ತೆಗೆದರೆ ನಾನು ಓಲೆಗೆ ಎಲ್ಲಿಗೆ ಹೋಗುವುದು? ತೋಡಿನ ದರೆ ನಿಂತದ್ದೇ ಅದರಲ್ಲಿ” ಎಂದರು. ನಾನು ಕೊಟ್ಟ ಉತ್ತರ ಇದು: “ಅಕ್ಕಾ, ಇಲ್ಲಿ ಸ್ವಂತ ವಿಷಯ ಬೇಡ. ನಾವು ಪರಿಸರದ ಬಗ್ಗೆ ಮಾತಾಡುತ್ತಿದ್ದೇವೆ.” ತಾವು ಚಪ್ಪಾಳೆ ತಟ್ಟಿದಿರಿ. ನಡಾವಳಿಯಲ್ಲಿ ‘ವಿರೋಧವಿಲ್ಲ’ ಎಂದು ಬರೆಸಿದಿರಿ. ಈಗಲೂ ಆ ವಾಕ್ಯ ನೆನಪಾದರೆ ನನಗೆ ಊಟ ಇಳಿಯುವುದಿಲ್ಲ. ತಮಗೆ ಇಳಿಯುತ್ತದೆಯೇ?

ಕಳೆದ ವರ್ಷ ಏಪ್ರಿಲಿನಲ್ಲಿ ಜೇಸಿಬಿ ಬಂತು. ಓಡಿಸಿದವನು ನನ್ನ ಚಿಕ್ಕಮ್ಮನ ಮಗ ಪ್ರವೀತ್. “ರಶ್ಮಿತಕ್ಕಾ, ಇದು ಸುಲಭದಲ್ಲಿ ಬರುವುದಿಲ್ಲ, ಬೇರು ಭಾರೀ ಹಿಡಿದುಕೊಂಡುಂಟು” ಎಂದ. ಹಿಡಿದುಕೊಂಡಿರುವುದು ಏನನ್ನು ಎಂದು ಕೇಳುವಷ್ಟು ಬುದ್ಧಿ ನನಗೆ ಬರಲಿಲ್ಲ. “ಇನ್ನೂ ಆಳಕ್ಕೆ ಹಾಕು” ಎಂದೆ. ಮೂರು ದಿನದಲ್ಲಿ ಸೇತುವೆಯಿಂದ ಮೇಲಿನ ದಂಡೆ ಬೋಳಾಯಿತು. ತಾವು ಟೇಪು ಹಿಡಿಸಿ ಉದ್ದ ಅಳೆಸಿದಿರಿ, ನನಗೆ ‘ಜಲಮಿತ್ರ’ ಪ್ರಶಸ್ತಿಪತ್ರ ಕೊಟ್ಟಿರಿ. ಪ್ಲಾಸ್ಟಿಕ್ ವಿರೋಧಿಸಿ ಮೂರು ಸಲ ಉಪವಾಸ ಕೂತವಳಿಗೆ ಕೊಟ್ಟ ಆ ಪತ್ರಕ್ಕೆ ಪ್ಲಾಸ್ಟಿಕ್ಕಿನ ಲ್ಯಾಮಿನೇಶನ್ ಮಾಡಿಸಿದ್ದಿರಿ. ನಾನು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡೆ.

ಜುಲೈಯಲ್ಲಿ ಎರಡು ದಿನ ಬಿಡದೆ ಮಳೆ ಸುರಿಯಿತು. ತಡೆಯುವವರಿಲ್ಲದ ನೀರು ನಾನು ಬಯಸಿದ ಹಾಗೆಯೇ ಸಲೀಸಾಗಿ ಓಡಿತು, ಓಡುವಾಗ ಎಡದಂಡೆಯನ್ನೂ ಕರೆದುಕೊಂಡು ಹೋಯಿತು. ಬೆಳಿಗ್ಗೆ ನಾನು ಓಡಿ ಹೋದಾಗ ಪಂಕಜಾಕ್ಷಕ್ಕನ ಅಡುಗೆಕೋಣೆಯಲ್ಲಿ ಮೊಣಕಾಲುದ್ದ ನೀರು. ಬೇಯಿಸಿ ಒಣಗಿಸಿಟ್ಟ ಓಲೆಯ ಸುರುಳಿಗಳು ಕೆಸರಿನಲ್ಲಿ ತೇಲುತ್ತಿದ್ದವು. ಅವರು ಒಂದೊಂದನ್ನೇ ಹೆಕ್ಕುತ್ತಿದ್ದರು.

“ಬಾ ಸಂಚಾಲಕೀ, ಕೂತುಕೋ. ಚಾಪೆ ಹಾಕಲಿಕ್ಕೆ ಮಾತ್ರ ಜಾಗ ಇಲ್ಲ.”

“ಅಕ್ಕಾ, ನೀರು ಬೇಗ ಹರಿದು ಹೋಗಲಿ ಅಂತ ನಾನು…”

“ನೀರಿಗೆ ಎಂತ ಅರ್ಜೆಂಟು ಮಾರಾಯ್ತಿ? ಅದಕ್ಕೆ ಕುಂಬಳೆ ಬಸ್ಸು ಹಿಡಿಯಲಿಕ್ಕುಂಟಾ?”

ನಾನು ಓದಿದ ಎಲ್ಲ ಕಿರುಹೊತ್ತಗೆಗಳನ್ನು ಒಟ್ಟು ಸೇರಿಸಿದರೂ ಇಷ್ಟು ನೇರವಾದ ಜಲಶಾಸ್ತ್ರ ಸಿಗುವುದಿಲ್ಲ.

ಈಗ ತಮ್ಮ ಪಾಲಿಗೆ ಬರುತ್ತೇನೆ. ದಂಡೆ ಕುಸಿದದ್ದಕ್ಕೆ ತಮ್ಮ ವರದಿ ಕೊಡುವ ಕಾರಣ ‘ಅತಿವೃಷ್ಟಿ’. ಅದೇ ಮಳೆ ಅದೇ ದಿನ ಸೇತುವೆಯಿಂದ ಕೆಳಗಿನ ದಂಡೆಗೂ ಸುರಿದಿತ್ತಲ್ಲ? ಅಲ್ಲಿ ಪೊದೆಗಳಿದ್ದವು, ಒಂದು ಬುಟ್ಟಿ ಮಣ್ಣೂ ಕದಲಲಿಲ್ಲ. ಮಳೆಗೆ ಸೇತುವೆಯಿಂದ ಮೇಲಿನವರು, ಕೆಳಗಿನವರು ಎಂಬ ಪಕ್ಷಪಾತ ಉಂಟೇ? ತಾವು ಕಂಡುಕೊಂಡ ಪರಿಹಾರವಾದರೂ ಏನು? ಮೇಲೆ ಕುಸಿದಲ್ಲಿ ಕಾಂಕ್ರೀಟ್ ಗೋಡೆ, ಕೆಳಗೆ ಕುಸಿಯದಲ್ಲಿ ಶುಚೀಕರಣ. ಮುಂದಿನ ವರ್ಷ ಅಲ್ಲೂ ಕುಸಿದರೆ ಅಲ್ಲಿಗೂ ಗೋಡೆ. ಗೋಡೆಯ ಸಂದಿಯಲ್ಲಿ ಮುಗುಡು ಮರಿ ಮಾಡುತ್ತದೆಯೇ? ಗೋಡೆಯ ಮೇಲೆ ಪಂಕಜಾಕ್ಷಕ್ಕ ಓಲೆ ಕೊಯ್ಯಬೇಕೇ?

ಇದನ್ನೆಲ್ಲ ಹೇಳಬೇಕೆಂದು ಕಳೆದ ವಾರ ತಮ್ಮ ಕಚೇರಿಗೆ ಬಂದಿದ್ದೆ. ತಾವಿರಲಿಲ್ಲ. ಗುಮಾಸ್ತರು ಮಲಯಾಳದ ಕಡತ ತೆರೆದು ಬೆರಳಿಟ್ಟು ತೋರಿಸಿದರು: ಎರಡನೇ ಹಂತವು ‘ಸಾರ್ವಜನಿಕರ ಬೇಡಿಕೆಯ ಮೇರೆಗೆ’. ಕೆಳಗೆ ಲಗತ್ತಿಸಿದ್ದು ನನ್ನ ಆರು ಪುಟ. “ಇದು ನಿಮ್ಮದೇ ಸಹಿ ಅಲ್ವಾ?” ಎಂದು ಕೇಳಿದರು. ಹೌದು ಎಂದೆ. ಹಿಂದಕ್ಕೆ ಪಡೆಯುತ್ತೇನೆ ಎಂದೆ. “ಕೊಡಲಿಕ್ಕೆ ಫಾರ್ಮ್ ಉಂಟು, ಹಿಂದೆ ತೆಗೆಯಲಿಕ್ಕೆ ಇಲ್ಲ.” ಇಷ್ಟು ವರ್ಷ ತಮ್ಮ ಕಚೇರಿ ನನ್ನ ಒಂದು ಮನವಿಯನ್ನೂ ಗಂಭೀರವಾಗಿ ತೆಗೆದುಕೊಳ್ಳಲಿಲ್ಲ ಎಂದು ಊರೆಲ್ಲ ದೂರಿದ್ದೆ. ತೆಗೆದುಕೊಂಡ ಒಂದೇ ಒಂದು ಮನವಿ ಇದಾಗಬೇಕೇ?

ಆದ್ದರಿಂದ ಫಾರ್ಮ್ ಇಲ್ಲದ ಅರ್ಜಿಯನ್ನು ಊರ ಮುಂದೆ ಕೊಡುತ್ತಿದ್ದೇನೆ. ನನ್ನ ಸಹಿಯನ್ನು ಹಿಂದಕ್ಕೆ ಪಡೆದಿದ್ದೇನೆ. ಸೋಮವಾರದ ಕೆಲಸ ರದ್ದಾಗಬೇಕು. ಗೋಡೆಯ ಯೋಜನೆ ಕೈಬಿಟ್ಟು ಆ ದಂಡೆಯಲ್ಲಿ ಮುಂಡೇವು ಊರಬೇಕು, ಎಲ್ಲಿ ಎಷ್ಟು ಎಂಬುದನ್ನು ಪಂಕಜಾಕ್ಷಕ್ಕ ಹೇಳಬೇಕು, ಎಂಜಿನಿಯರರು ಬರೆದುಕೊಳ್ಳಬೇಕು. ಮುಂದಿನ ಗ್ರಾಮಸಭೆಯಲ್ಲಿ ಮೊದಲ ಮೈಕು ಅವರಿಗೆ. ನಾನು ಕೇಳಿದರೂ ನನಗೆ ಕೊಡಬೇಡಿ. ಇಷ್ಟಾದ ಮೇಲೂ ಸೋಮವಾರ ಜೇಸಿಬಿ ಬಂದರೆ ಸೇತುವೆಯ ಮೇಲೆ ಅಡ್ಡ ಚಾಪೆ ಹಾಕಿ ಕೂರುತ್ತೇನೆ. ಪ್ರವೀತನಿಗೆ ತಿಳಿಸಿದ್ದೇನೆ. “ಈ ಸಲ ಹತ್ತನೇ ಪುಟವನ್ನೂ ಓದಿದ್ದೀಯಾ ಅಕ್ಕಾ?” ಎಂದು ಕೇಳಿದ.

ಪ್ರಶಸ್ತಿಪತ್ರವನ್ನು ವಾಪಸು ಕೊಡಲು ಸಾಧ್ಯವಿಲ್ಲ. ಪಂಕಜಾಕ್ಷಕ್ಕ ಅದನ್ನು ಒಲೆಗೆ ಗಾಳಿ ಹಾಕಲು ಇಟ್ಟುಕೊಂಡಿದ್ದಾರೆ. ನೀರು ನುಗ್ಗಿದರೂ ಹಾಳಾಗದ ಒಂದು ವಸ್ತು ಮನೆಯಲ್ಲಿರಲಿ ಎಂದರು.

ಕೊನೆಯದಾಗಿ ಒಂದು ತಾಂತ್ರಿಕ ಅಂಶ. ತಮ್ಮ ಕಚೇರಿಗೆ ಅಂಚೆಯಲ್ಲಿ ಕಳಿಸಿದ ಈ ಪತ್ರದ ಕೈಬರಹದ ಪ್ರತಿಯ ಸಹಿಯೂ ಕಡತದ ಸಹಿಯೂ ತಾಳೆಯಾಗುವುದಿಲ್ಲ ಎಂದು ತಮ್ಮ ಗುಮಾಸ್ತರು ಆಕ್ಷೇಪ ಎತ್ತಬಹುದು. ನಿಜ, ಇದು ಸೊಟ್ಟಗಿದೆ. ಮೂರು ದಿನದಿಂದ ಪಂಕಜಾಕ್ಷಕ್ಕನ ಹಿಂದೆ ಹೋಗಿ ಕುಸಿದ ದಂಡೆಯಲ್ಲಿ ಮುಂಡೇವಿನ ಕವಲು ಊರುತ್ತಿದ್ದೇನೆ. ಬೆರಳುಗಳಿಗೆ ಮುಳ್ಳು ಕೊರೆದಿದೆ, ಪೆನ್ನು ನಿಲ್ಲುವುದಿಲ್ಲ. ಹಳೆಯ ಸಹಿ ಚಾಪೆಯ ಮೇಲೆ ಆರಾಮಾಗಿ ಕೂತು ಹಾಕಿದ್ದು, ಅದಕ್ಕೇ ಅಷ್ಟು ಚೆಂದ. ದಯವಿಟ್ಟು ಈ ಸೊಟ್ಟ ಸಹಿಯನ್ನು ನಂಬಿ.

ಇಂತಿ,
ತಮ್ಮ ಕಡತದಲ್ಲಿರುವ ಆ ‘ಸಾರ್ವಜನಿಕರು’,
ರಶ್ಮಿತಾ, ಕುಂಟಾಲಮೂಲೆ