ಮೆಷಿನ್ ಒಪ್ಪದ ಹೆಬ್ಬೆರಳು

ಹಾಸ್ಟೆಲ್, ರಾಮನಗರ
14-11-2025

ಪ್ರೀತಿಯ ಅಜ್ಜೀ,

ನಿನ್ನ ಮಂಡಿನೋವು ಹೇಗಿದೆ? ರೇಷ್ಮೆಹುಳುಗಳು ನಾಲ್ಕನೇ ಜ್ವರ ಮುಗಿಸಿ, ಪೊರೆ ಕಳಚಿ ಸೊಪ್ಪು ತಿನ್ನುತ್ತಿವೆಯಾ? ಈ ಕಾಗದ ಓದಿ ಹೇಳುವ ಪಕ್ಕದ ಮನೆ ರಮ್ಯಕ್ಕನಿಗೆ ಥ್ಯಾಂಕ್ಸ್ ಹೇಳು. ಅಕ್ಷರ ಸೊಟ್ಟಗಿದೆ, ಬೈಯಬೇಡ ಅನ್ನು. ಪೆನ್ ಹಿಡಿದರೆ ಬೆರಳ ತುದಿ ಉರಿಯುತ್ತದೆ.

ಯಾಕೆ ಅಂತ ಹೇಳಲೇಬೇಕು. ಆಗಸ್ಟಿನಿಂದ ನಾನು ಇದ್ರೀಸ್ ಸಾಹೇಬರ ರೇಷ್ಮೆ ನೂಲು ತೆಗೆಯುವ ಫಿಲೇಚರಿಗೆ ಪಾರ್ಟ್ ಟೈಮ್ ಹೋಗುತ್ತಿದ್ದೆ, ಬೆಳಿಗ್ಗೆ ಐದರಿಂದ ಒಂಬತ್ತು. ನೀನು ಮಕ್ಕಳ ಹಾಗೆ ಸಾಕುವ ಹುಳುವಿನ ಗೂಡನ್ನು ಇಲ್ಲಿ ಬೇಯಿಸುತ್ತಾರೆ ಅಜ್ಜಿ. ಆ ಬಿಸಿನೀರಿಗೆ ಕೈ ಹಾಕಿ ನೂಲೆಳೆಯ ತುದಿ ಹುಡುಕುವುದು ನನ್ನ ಕೆಲಸ. ನಿನ್ನ ಕಣ್ಣಿನ ಆಪರೇಷನ್ನಿಗೆ ದುಡಿದೆ ಅಂದರೆ ಸುಳ್ಳಾಗುತ್ತದೆ. ಫೋನ್ ಬೇಕಿತ್ತು. ನೋಟ್ಸೆಲ್ಲ ವಾಟ್ಸಾಪ್ ಗ್ರೂಪಿನಲ್ಲೇ ಬರುತ್ತದೆ, ಕ್ಲಾಸಿನಲ್ಲಿ ಫೋನ್ ಇಲ್ಲದವನು ನಾನೊಬ್ಬನೇ. ಫೋನ್ ಬಂತು. ಬಂದ ಮೇಲೆ ಅದರಲ್ಲಿ ನೋಟ್ಸ್ ಓದುತ್ತಾ ಲಾಸ್ಟ್ ಬೆಂಚಿನಲ್ಲಿ ನಿದ್ದೆ ಹೋಗುತ್ತಿದ್ದೆ.

ಕಾಲೇಜಿನಲ್ಲಿ ಹಾಜರಿಗೆ ಮೆಷಿನ್ ಮೇಲೆ ಹೆಬ್ಬೆರಳು ಒತ್ತಬೇಕು. ಸೆಪ್ಟೆಂಬರಿನಿಂದ ಅದು ನನ್ನನ್ನು ಒಪ್ಪುತ್ತಿಲ್ಲ. ಬಿಸಿನೀರಿಗೆ ಚರ್ಮ ಸುಲಿದು ಗೆರೆಗಳೇ ಹೋಗಿವೆ. ಅವತ್ತೇ ಆಫೀಸಿಗೆ ಹೇಳಬೇಕಿತ್ತು. ಹೇಳಿದರೆ ಕೆಲಸದ ವಿಷಯ ಹೊರಬಿದ್ದು ಹಾಸ್ಟೆಲ್ ಸೀಟ್ ಕ್ಯಾನ್ಸಲ್ ಆಗುತ್ತದೆ ಅಂತ ಹೆದರಿ, ಒತ್ತಿದ ಹಾಗೆ ಮಾಡಿ ಒಳಗೆ ಹೋಗುತ್ತಿದ್ದೆ. ನಿನ್ನೆ ಲಿಸ್ಟ್ ಹಾಕಿದರು. ದಿನಾ ಕ್ಲಾಸಿನಲ್ಲಿ ಕೂತಿದ್ದವನು ಎರಡು ತಿಂಗಳು ಆಬ್ಸೆಂಟ್. ಪರೀಕ್ಷೆ ಬರೆಯುವಂತಿಲ್ಲ. ಗುಮಾಸ್ತ ಶಿವಕುಮಾರ್ ಸರ್ ‘ಇಷ್ಟ್ ದಿನ ಬಾಯಲ್ಲಿ ಕಡುಬು ಇಟ್ಕಂಡಿದ್ದೇನ್ಲಾ?’ ಅಂದರು. ಅವರು ಕೇಳಿದ್ದು ಸರಿಯೇ.

ಕೆಲಸ ಬಿಟ್ಟೆ. ಇದ್ರೀಸ್ ಸಾಹೇಬರು ‘ನೀರು ಬುಟ್ರೆ ಗೆರೆ ವಾಪಸ್ ಬತ್ತವೆ ಬೇಟಾ, ಒಸಿ ದಿನ ತಡ್ಕೊ’ ಅಂತ ನನ್ನ ಕೈ ಹಿಡಿದುಕೊಂಡರು. ಅವರ ಬೆರಳು ಗಾಜಿನ ಹಾಗೆ ನುಣ್ಣಗಿತ್ತು. ನಾಳೆ ಪ್ರಿನ್ಸಿಪಾಲರಿಗೆ ಎಲ್ಲ ಹೇಳುತ್ತೇನೆ, ಸೀಟ್ ಹೋದರೆ ಹೋಗಲಿ. ಭಯ ಆಗುತ್ತಿದೆ. ದೇವರ ಮುಂದೆ ನನ್ನ ಹೆಸರು ಹೇಳಿ ಒಂದು ದೀಪ ಹಚ್ಚು.

ನಿನ್ನ ಕಾಲಿಗೆ ಬಿದ್ದು,
ಮೊಮ್ಮಗ ದೀಪು

ಮರೆತಿದ್ದೆ: ತಿಂಗಳ ಕೊನೆಗೆ ಸಾತನೂರಿಗೆ ಬಂದು ರೇಷನ್‌ಗೆ ಬೆರಳು ಕೊಡು ಅಂತ ನೀನು ಹೇಳಿಕಳಿಸಿದ್ದೆಯಲ್ಲ. ಸೊಪ್ಪು ಕುಯ್ದು ಕುಯ್ದು ಸವೆದ ನಿನ್ನ ಹೆಬ್ಬೆರಳನ್ನು ಅಲ್ಲಿಯ ಮೆಷಿನ್ ಒಪ್ಪದೆ ಮೂರು ವರ್ಷವಾಯಿತು. ಪ್ರತಿ ಸಲ ನೀನು ಅಂಗಡಿಯವನಿಗೆ ನನ್ನ ಕೈ ಎತ್ತಿ ತೋರಿಸಿ, ‘ನಂದು ಸವ್ದೋಯ್ತು ಕಣಪ್ಪ, ನಮ್ ಹುಡ್ಗುಂದು ಓದೋ ಬೆರ್ಳು, ಹಂಗೇ ಐತೆ’ ಅನ್ನುತ್ತಿದ್ದೆ. ಬರುತ್ತೇನೆ ಅಜ್ಜಿ. ಆದರೆ ಈ ಸಲ ಯಾರಿಗೂ ನನ್ನ ಕೈ ತೋರಿಸಬೇಡ.