ನನ್ರಿ, ಮಾಮಾ

ಏಪ್ರಿಲ್ 6, ಸಂಜೆ
ಮತ್ತೆ ಎಡಿಟಿಂಗ್ ನನಗೇ. ಮೈಕು ಯುವಶ್ರೀಗೆ. ಈ ಸರ್ಕಾರಿ ತಮಿಳು ರೇಡಿಯೋದಲ್ಲಿ ದಿನಗೂಲಿ ಕ್ಯಾಶುವಲ್ ಆಗಿಯೇ ತಲೆ ನರೆತವನು ನಾನು. ನಿನ್ನೆ ಮೊನ್ನೆ ಬಂದವಳಿಗೆ ಚುನಾವಣೆ ಅಭ್ಯರ್ಥಿಗಳ ಸಂದರ್ಶನ... ಮತ ಎಣಿಕೆ ದಿನದ ಲೈವ್ ಕೂಡ ಅವಳಿಗೇ ಅಂತೆ. ನಮ್ಮ ಕನ್ನಡದವರ ಹುಡುಗಿ, ಹೆಮ್ಮೆಪಡು ಎನ್ನುತ್ತಾಳೆ ಅಮ್ಮ. ಅವಳೇ ಪಡಲಿ.

ಏಪ್ರಿಲ್ 8
ಇವತ್ತು ಹನುಮಂತನಪಟ್ಟಿಯ ಮೋಹನ್‌ರಾಜ್. ದ್ರಾಕ್ಷಿ ತೋಟದವರು, ನಮ್ಮ ಜನ, ಪಕ್ಷೇತರ. ಅವರ ಮುಖ ಅವಳೂ ನಾನೂ ನೋಡಿದ್ದು ಇವತ್ತೇ. ಕೂತವರೇ ಕೇಳಿದರು:
"ಯಾವೂರವ್ವಾ? ಯಾವ ಕುಲ?"
ಹೇಳಿದಳು.
"ಹಂಗಾರೆ ನಾ ನಿಂಗೆ ಮಾಮ ಆಗ್ಬೇಕು."
ಕುಲ ಕೇಳಿ, ಮಾಮನೋ ಅಣ್ಣನೋ ಎಂಬ ವರಸೆ ಗೊತ್ತಾದ ಮೇಲೆ ನಮ್ಮಲ್ಲಿ ಸಾರ್ ಎಂದರೆ ಬೈದ ಹಾಗೆ. ಪ್ರಶ್ನೆಗಳು ಮಾತ್ರ ಎಲ್ಲರಿಗೂ ಕೇಳಿದವೇ. ಕೊನೆಗೆ ಧನ್ಯವಾದ ಹೇಳುವಾಗ, ಬೇರೆಯವರಿಗೆಲ್ಲ "ನನ್ರಿ ಐಯಾ" ಎಂದವಳು ಇವರಿಗೆ "ನನ್ರಿ ಮಾಮಾ" ಎಂದುಬಿಟ್ಟಳು.
ಓಡಿ ಬಂದಳು. "ಹರಿಯಣ್ಣಾ, ಆ ಒಂದು ಮಾತ ಒಸಿ ಕತ್ತರಿಸ್ಬುಡಣ್ಣಾ."
"ಆಗ್ಲಿ ಕಣವ್ವಾ."
ಕೆಮ್ಮು ತೆಗೆದೆ. ಕುರ್ಚಿ ಕಿರುಗುಟ್ಟಿದ್ದು ತೆಗೆದೆ. ಅದೊಂದನ್ನು ಹಾಗೇ ಬಿಟ್ಟೆ. ಖುಷಿಯಾಯಿತು.

ಏಪ್ರಿಲ್ 11
ನಿನ್ನೆ ಪ್ರಸಾರ. ಇವತ್ತು ಎಲ್ಲರ ಫೋನಿನಲ್ಲೂ ಅದೇ ಕ್ಲಿಪ್. ಗೇಟಿನ ಮುಂದೆ ಎದುರು ಪಕ್ಷದವರು — ಇದು ಸರ್ಕಾರದ ರೇಡಿಯೋನಾ, ಮೋಹನ್‌ರಾಜ್ ಮನೆ ರೇಡಿಯೋನಾ ಎಂದು ಕೂಗು. ನಿಲಯದ ಮುಖ್ಯಸ್ಥ ಗುರುಸಾಮಿ ಸಾರ್ ನನ್ನನ್ನು ಕರೆದರು. ನಮ್ಮ ಜನರ ಪದ್ಧತಿ ಬಲ್ಲವನು ನಾನೇ ತಾನೆ.
"ಸೊಂದ ಮಾಮಾವಾ?" ಸ್ವಂತ ಮಾಮನೇ ಎಂದು ಕೇಳಿದರು.
ಬಾಗಿಲಲ್ಲಿ ಯುವಶ್ರೀ. ನನ್ನನ್ನೇ ನೋಡುತ್ತಿದ್ದಳು. ಬರೀ ಕುಲದ ವರಸೆ ಸಾರ್, ನೆಂಟಸ್ತಿಕೆ ಇಲ್ಲ — ಇಷ್ಟು ಹೇಳಿದ್ದರೆ ಉಳಿಯುತ್ತಿದ್ದಳು.
"ನಮ್ಮಲ್ಲಿ ಮಾಮ ಅಂದ್ರೆ ಮಾಮನೇ ಸಾರ್," ಎಂದೆ, ತಮಿಳಿನಲ್ಲಿ.
ಸಂಜೆಗೆ ಅವಳ ಡ್ಯೂಟಿ ರದ್ದು. ಲೈವ್ ನನಗೆ.

ಏಪ್ರಿಲ್ 27
ಅಮ್ಮ ಹೇಳಿದಳು — ಒಡ್ಡನ್‌ಛತ್ರಂ ತರಕಾರಿ ಮಾರ್ಕೆಟ್ಟಿನಲ್ಲಿ ಹರಾಜು ಕೂಗುತ್ತಾಳಂತೆ ಯುವಶ್ರೀ. ಗಂಟಲು ಕಿತ್ತುಹೋಗಿದೆಯಂತೆ. ಮಾಡಿದ್ದುಣ್ಣೋ ಮಹರಾಯ, ಎಂದೆ. ಅಮ್ಮ ತಟ್ಟೆ ತೆಗೆದುಕೊಂಡು ಎದ್ದು ಹೋದಳು.

ಮೇ 4, ಮಧ್ಯಾಹ್ನ
ಬೆಳಗಿನಿಂದ ಲೈವ್. ಫೋನ್ ಮೇಲೆ ಫೋನ್, ಯಾರು ಮುಂದೆ ಯಾರು ಹಿಂದೆ ಎಂದು. ಚೆನ್ನಾಗಿಯೇ ಹೋಗುತ್ತಿತ್ತು. ಒಡ್ಡನ್‌ಛತ್ರಂನಿಂದ ಒಂದು ಕರೆ. ಒಡೆದ ದನಿ, ಯಾರೋ ವಯಸ್ಸಾದ ಹೆಂಗಸು ಎಂದುಕೊಂಡೆ.
"ನಮ್ಮ ಮಾಮ ಮುಂದವ್ರಾ, ಹಿಂದವ್ರಾ?"
ಮನೆಮಾತು, ಕನ್ನಡ. ಯೋಚನೆಗೆ ಮೊದಲೇ ನಾಲಿಗೆ ಹೊರಳಿತು.
"ಹನುಮಂತನಪಟ್ಟಿ ಮಾಮನಾ? ಮುಂದವ್ರೆ ಕಣವ್ವಾ."
ಆ ಕಡೆ ಕೆಮ್ಮು. ಆಮೇಲೆ ನಿಧಾನವಾಗಿ, "ನನ್ರಿ, ಹರಿಯಣ್ಣಾ."
ಲೈವ್‌ಗೆ ಕತ್ತರಿ ಇಲ್ಲ. ಗಾಜಿನ ಆಚೆ ಗುರುಸಾಮಿ ಸಾರ್ ಎದ್ದು ನಿಂತರು. ಹಾಡು ಹಾಕಿ ಹೊರಗೆ ಬಾ ಎಂದು ಸನ್ನೆ.
ಅವರ ಕೋಣೆಯ ಹೊರಗೆ ಕೂತು ಬರೆಯುತ್ತಿದ್ದೇನೆ. ಒಳಗೆ ಕೇಳುವ ಪ್ರಶ್ನೆ ಗೊತ್ತು. ಬರೀ ಕುಲದ ವರಸೆ ಸಾರ್ ಎನ್ನಬೇಕು. ನಂಬುವುದಿಲ್ಲ. ಅವತ್ತು ನಾನೇ —
ಕರೆದರು. ಹೋಗಿ