ಕಾಯುವ ಪಟ್ಟಿಯ ಮೊದಲ ಹೆಸರು

ಕೆಮಿ, ಭಾನುವಾರ ಬೆಳಗ್ಗೆ
ಜುಲೈ ಹದಿಮೂರು

ಪ್ರೀತಿಯ ತಮ್ಮ ತೌಕೊ,

ಹೇಗಿದ್ದೀಯ? ಹಿಮ್ಮಡಿಯ ಬೊಬ್ಬೆ ಒಣಗಿತೇ? ಸೇನೆಗೆ ಸೇರಿ ಇನ್ನೂ ಸರಿಯಾಗಿ ವಾರವಾಗಿಲ್ಲ, ಆಗಲೇ ಮಗ ಕುಂಟುತ್ತಿದ್ದಾನೆ ಎಂದು ಅಮ್ಮ ನಿಟ್ಟುಸಿರು ಬಿಡುತ್ತಿದ್ದಾಳೆ. ಬೂಟು ಚಿಕ್ಕದಾಗಿದ್ದರೆ ಬಾಯಿಬಿಟ್ಟು ಕೇಳು. ಕಡ್ಡಾಯ ಸೇವೆ ಎಂದರೆ ಕಾಲನ್ನೂ ಕಡ್ಡಾಯವಾಗಿ ಸವೆಸಬೇಕೆಂದಲ್ಲ. ಕಾಯಾನಿಯ ಕಾಡಿನ ಸೊಳ್ಳೆಗಳು ನಿನ್ನನ್ನು ಸ್ವಲ್ಪವಾದರೂ ಉಳಿಸಿವೆ ತಾನೇ? ಇಲ್ಲಿ ಎಲ್ಲರೂ ಕ್ಷೇಮ. ಹೊಟ್ಟೆ ಉರಿಯುವುದೊಂದು ಬಿಟ್ಟರೆ ನಾನೂ ಕ್ಷೇಮ. ಅದಕ್ಕೆ ಔಷಧಿಯನ್ನು ನೀನು ಡಾಕ್ಟರಾದ ಮೇಲೆ ಬರೆದುಕೊಡುವೆಯಂತೆ.

ಇವತ್ತು ಅಮ್ಮ ನಿನ್ನನ್ನು ನೋಡಲು ಬರುವಾಗ ಈ ಕಾಗದ ತರುತ್ತಾಳೆ. ನನಗೆ ವೃದ್ಧಾಶ್ರಮದಲ್ಲಿ ಪಾಳಿಯಿದೆ ಎಂದು ಅವಳಿಗೆ ಹೇಳಿದ್ದೇನೆ. ಪಾಳಿ ಇಲ್ಲ. ನಿನ್ನ ಮುಖ ನೋಡುವ ಧೈರ್ಯ ಇನ್ನೂ ಬಂದಿಲ್ಲ, ಅಷ್ಟೇ. ನಿನಗೆ ಸಿಕ್ಕಿರುವ ವೈದ್ಯಕೀಯ ಸೀಟನ್ನು ಬುಧವಾರದೊಳಗೆ ಒಪ್ಪಿಕೊಳ್ಳಬೇಕು, ನೀನು ಇನ್ನೂ ಒಪ್ಪಿಕೊಂಡಿಲ್ಲ, ನನಗಾಗಿ ಬಿಟ್ಟುಕೊಡುತ್ತೇನೆ ಎನ್ನುತ್ತಿದ್ದೀಯಂತೆ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ನನ್ನ ಸಿಟ್ಟು ತೀರಲಿ.

ನೀನೇ ಹೇಳು, ಈ ಪ್ರವೇಶ ಪರೀಕ್ಷೆ ಯಾರದಾಗಿತ್ತು? ಇದು ಅದಕ್ಕೆಂದು ಓದುತ್ತಾ ಕಳೆದ ನನ್ನ ಮೂರನೆಯ ವಸಂತ. ಊರಿನ ಹುಡುಗಿಯರೆಲ್ಲ ಮೇ ತಿಂಗಳ ಬಿಸಿಲಿಗೆ ಬೆನ್ನೊಡ್ಡಿ ಕೂತಿದ್ದಾಗ ನಾನು ಕಿಟಕಿಯ ಪರದೆ ಎಳೆದು ಆಮ್ಲ, ಪ್ರತ್ಯಾಮ್ಲ, ಮೂತ್ರಪಿಂಡ ಎಂದು ಜಪಿಸುತ್ತಿದ್ದೆ. ಗಟ್ಟಿಯಾಗಿ ಹೇಳದಿದ್ದರೆ ನನಗೆ ತಲೆಗೆ ಹತ್ತುವುದಿಲ್ಲ. ಹಾಗಾಗಿ ಅಡುಗೆಮನೆಯಲ್ಲಿ ಅತ್ತಿಂದಿತ್ತ ನಡೆಯುತ್ತಾ ಪಾಠ ಒಪ್ಪಿಸುತ್ತಿದ್ದೆ, ನೀನು ಆಲೂಗಡ್ಡೆ ಸಿಪ್ಪೆ ಸುಲಿಯುತ್ತಾ ಕೇಳುತ್ತಿದ್ದೆ. ನಡುನಡುವೆ ಒಂದು ಪ್ರಶ್ನೆ ಎಸೆಯುತ್ತಿದ್ದೆ. ಪಾಪ, ಅಕ್ಕನಿಗೆ ಸಹಾಯ ಮಾಡುತ್ತಿದ್ದಾನೆ ಎಂದುಕೊಂಡೆ. ನಾನು ಕೂಗಿ ಕೂಗಿ ಗಂಟಲು ಹರಿದುಕೊಂಡೆ, ನೀನು ಆಲೂಗಡ್ಡೆಯ ಜೊತೆಗೆ ರಸಾಯನಶಾಸ್ತ್ರವನ್ನೂ ಸುಲಿದಿಟ್ಟೆ.

ನಿನ್ನ ಕೈಲಿ ಅರ್ಜಿ ಹಾಕಿಸಿದವಳೂ ನಾನೇ. ಒಬ್ಬಳೇ ಔಲುವಿಗೆ ಹೋಗಿ ಆ ದೊಡ್ಡ ಹಾಲ್‌ನಲ್ಲಿ ಕೂರಲು ಭಯವಾಗುತ್ತದೆ, ಸುಮ್ಮನೆ ಜೊತೆಗೆ ಬಾ, ಊಟದ ಡಬ್ಬಿಯಾದರೂ ಹೊತ್ತುಕೋ ಎಂದೆ. ನೀರಿನ ಬಾಟಲಿಯ ಮೇಲೆ ಒಂದಕ್ಷರವೂ ಇರಬಾರದು, ಚಾಕೊಲೇಟಿಗೆ ಹೊದಿಕೆ ಇರಬಾರದು ಎಂಬ ನಿಯಮ ನೆನಪಿದೆಯಲ್ಲ. ಹಿಂದಿನ ದಿನ ಬಾಟಲಿಗಳ ಚೀಟಿ ಕಿತ್ತು, ಉಳಿದ ಅಂಟನ್ನು ಉಗುರಿನಿಂದ ಕೆರೆದು ತೆಗೆದವಳು ನಾನು. ನಿನ್ನ ಬಾಟಲಿಯದೂ ಸೇರಿ. ರೈ ಬ್ರೆಡ್ಡಿಗೆ ಚೀಸ್ ಇಟ್ಟು ಪಾರದರ್ಶಕ ಚೀಲಕ್ಕೆ ಹಾಕಿಕೊಟ್ಟವಳೂ ನಾನೇ. ನೀನು ಹಿಂದಿನ ಸಾಲಿನಲ್ಲಿ ಕೂತು ಕರುಂ ಕರುಂ ಎಂದು ಕ್ಯಾರೆಟ್ ಕಡಿಯುತ್ತಿದ್ದುದು ನೀನು ಏಳುವವರೆಗೂ ನನಗೆ ಕೇಳುತ್ತಿತ್ತು. ಸಮಯ ಮುಗಿಯುವುದಕ್ಕೆ ಎಷ್ಟೋ ಮೊದಲೇ ನೀನು ಎದ್ದು ಹೋದೆ. ಹೊರಗೆ ಸಿಕ್ಕಾಗ ಏನೆಂದೆ? "ಹಸಿವಾಗ್ತಿತ್ತು ಕಣೇ ಅಕ್ಕಾ, ಅದಕ್ಕೇ ಬೇಗ ಬರ್ದು ಮುಗ್ಸಿದೆ." ಉಂಡೂ ಹೋದ, ಕೊಂಡೂ ಹೋದ ಎನ್ನುವುದು ಇದಕ್ಕೇ.

ಫಲಿತಾಂಶ ಬಂದ ದಿನ ನಿನಗೆ ಸೀಟು. ನನಗೆ ಕಾಯುವ ಪಟ್ಟಿಯಲ್ಲಿ ಮೊದಲ ಸ್ಥಾನ. ಮೊದಲ ಸ್ಥಾನವಂತೆ! ಬಾಗಿಲಿಗೆ ಮೂಗು ತಾಗಿಸಿ ಹೊರಗೆ ನಿಲ್ಲುವುದಕ್ಕೂ ಒಂದು ಸ್ಥಾನ. ಅಮ್ಮ ಸ್ಟ್ರಾಬೆರಿ ಕೇಕು ಮಾಡಿ, ಹಬ್ಬಕ್ಕೆಂಬಂತೆ ಅಂಗಳದ ಧ್ವಜಸ್ತಂಭಕ್ಕೆ ಬಾವುಟ ಏರಿಸಿದಳು. ಏರಿಸುವಾಗ ಒಮ್ಮೆ ನನ್ನತ್ತ ನೋಡಿ ಅರ್ಧಕ್ಕೇ ಕೈ ನಿಲ್ಲಿಸಿದಳು. ಪಕ್ಕದ ಮನೆಯ ಲೆಂಪಿ ಅತ್ತೆ ಕಾಫಿಗೆ ಬಂದು, ನಿನ್ನನ್ನು ಹೊಗಳಿ ಹೊಗಳಿ ಸುಸ್ತಾದ ಮೇಲೆ ನನ್ನ ಕೈ ಸವರಿ, "ನಿಂದೂ ಕೈ ಒಳ್ಳೇದು ಬಿಡು, ಮುದುಕರನ್ನ ನೋಡ್ಕೊಳ್ಳೋಕೂ ಜನ ಬೇಕಲ್ವಾ" ಎಂದರು. ಕೇಕು ರುಚಿಯಾಗಿತ್ತು. ಎರಡು ತುಂಡು ತಿಂದೆ.

ಇನ್ನೊಂದು ಸಂಕಟ ಕೇಳು. ನೀನು ಸೀಟು ಒಪ್ಪಿಕೊಂಡರೂ ಈ ವರ್ಷ ಓದುವವನಲ್ಲ. ಸೇನೆಯಲ್ಲಿರುವುದರಿಂದ ಅದು ವರ್ಷವಿಡೀ ನಿನ್ನ ಹೆಸರು ಹೊತ್ತು ಖಾಲಿ ಕೂತಿರುತ್ತದೆ. ನೀನು ಕಾಡಿನಲ್ಲಿ ತೆವಳುತ್ತಿರುತ್ತೀಯ, ನಾನು ಇಲ್ಲಿ ಆ ಖಾಲಿ ಕುರ್ಚಿಯನ್ನು ಕನಸಿನಲ್ಲಿ ಕಾಣುತ್ತಿರುತ್ತೇನೆ. ನಿನ್ನ ಮೇಲೆ ನನಗೆ ಎಷ್ಟು ಹೊಟ್ಟೆಕಿಚ್ಚು ಎಂದರೆ, ನಿನ್ನ ಬೊಬ್ಬೆಯ ಸುದ್ದಿ ಕೇಳಿ ಒಂದು ಗಳಿಗೆ ಸಮಾಧಾನವಾಯಿತು. ಆಮೇಲೆ ಹೋಗಿ ನಿನಗೆಂದು ಪಟ್ಟಿ, ಮುಲಾಮು ಕೊಂಡು ತಂದೆ. ಪೊಟ್ಟಣದಲ್ಲಿವೆ.

ನಿನ್ನ ನಿರ್ಧಾರವನ್ನು ಅಮ್ಮ ನನಗೆ ಹೇಳಿದ್ದು ನಿನ್ನೆ, ಶನಿವಾರದ ಹಬೆಸ್ನಾನಕ್ಕೆ ಸೌನಾದಲ್ಲಿ ಕೂತಾಗ. ಜಾಣೆ ಅವಳು. ಸೌನಾದಲ್ಲಿ ದನಿ ಏರಿಸಬಾರದು, ಚರ್ಚಿನಲ್ಲಿ ಇದ್ದಂತೆ ಇರಬೇಕು ಎಂದು ಅಜ್ಜಿ ನಮ್ಮನ್ನು ಬೆಳೆಸಿದ್ದು ಅವಳಿಗೆ ಗೊತ್ತು. ಬಿಸಿ ಕಲ್ಲಿನ ಮೇಲೆ ನೀರು ಹಾಕಿ, ಹಬೆ ಏಳುವಾಗ ಮೆಲ್ಲಗೆ, "ತೌಕೊ ಸೀಟು ಬಿಡ್ತಾನಂತೆ ಕಣೇ, ನಿಂಗೋಸ್ಕರ. ಎಂಥಾ ಮನಸ್ಸು ನೋಡು" ಎಂದಳು. ಕಿರುಚಲು ಬಾಯಿ ತೆರೆದೆ, ಕಿರುಚುವಂತಿಲ್ಲ. ಇನ್ನೊಂದು ಸೌಟು ನೀರು ನಾನೇ ಸುರಿದೆ. ಬೆವರೋ ಕಣ್ಣೀರೋ ಯಾರಿಗೂ ತಿಳಿಯದಂತೆ ಕೂತು, ನಿಜ ಹೇಳಬೇಕೆಂದರೆ, ಒಂದು ಕ್ಷಣ ಮನಸ್ಸಿನಲ್ಲೇ ಬಿಳಿ ಕೋಟು ತೊಟ್ಟು ನೋಡಿಕೊಂಡೆ. ಚೆನ್ನಾಗಿಯೇ ಒಪ್ಪುತ್ತಿತ್ತು. ಆಮೇಲೆ ನಿದ್ದೆ ಬರಲಿಲ್ಲ. ಏನು ಉತ್ತರ ಬರೆಯುವುದೆಂದು ಇನ್ನೂ ಯೋಚಿಸುತ್ತಿದ್ದೇನೆ.

ಪೊಟ್ಟಣದಲ್ಲಿ ಅಮ್ಮ ಮಾಡಿದ ಏಲಕ್ಕಿ ಬನ್ನುಗಳಿವೆ. ನಿನ್ನ ಇಷ್ಟದ ಉಪ್ಪು ಮಿಠಾಯಿಯೂ ಇತ್ತು, ಅರ್ಧ ನಾನು ತಿಂದಿದ್ದೇನೆ. ನಿನ್ನ ಕಾಲು ಬೇಗ ವಾಸಿಯಾಗಲಿ, ಕವಾಯತಿನಲ್ಲಿ ನಿನ್ನ ಮೇಲೆ ಕೂಗಾಡುವವನ ಗಂಟಲು ಬೇಗ ಕಟ್ಟಲಿ.

ಇಂತಿ ನಿನ್ನ ಅಕ್ಕ,
ಸೈಮಿ

ತಾ.ಕ.: ಅಮ್ಮ ಕಾರಿನಲ್ಲಿ ಕೂತು ಹಾರ್ನ್ ಹೊಡೆಯುತ್ತಿದ್ದಾಳೆ, ಬೇಗ ಬರೆಯುತ್ತೇನೆ. ಸೀಟು ಒಪ್ಪಿಕೋ. ಇದು ದೊಡ್ಡ ಮನಸ್ಸಿನ ಮಾತೆಂದು ತಿಳಿಯಬೇಡ, ಶುದ್ಧ ಹೊಟ್ಟೆಕಿಚ್ಚಿನ ಮಾತು. ಅಂಕದಲ್ಲಿ ನನ್ನನ್ನು ಹಿಂದೆ ಹಾಕಿದೆ, ಹೇಗೋ ನುಂಗಿಕೊಳ್ಳುತ್ತೇನೆ. ಒಳ್ಳೆಯತನದಲ್ಲೂ ಹಿಂದೆ ಹಾಕಿದರೆ ನಾನು ಎಲ್ಲಿಗೆ ಹೋಗಲಿ? ಸಾಯುವತನಕ ಅಮ್ಮ ಅದೇ ಕಥೆ ಹೇಳುತ್ತಾಳೆ, ನಾನು ನೀನು ಬಿಟ್ಟ ಕೋಟು ತೊಟ್ಟು ಕೇಳುತ್ತಾ ಕೂರಬೇಕು. ನಿನಗೇ ಡಾಕ್ಟರಾಗುವುದು ಬೇಡವಾಗಿದ್ದರೆ ಧಾರಾಳವಾಗಿ ಬಿಡು, ಆದರೆ ಕಾರಣದಲ್ಲಿ ನನ್ನ ಹೆಸರು ಬರಬಾರದು. ಆದರೆ ನಿನಗೆ ಬೇಕು. ಹಸಿವಿನ ಮಾತನ್ನು ಲೆಂಪಿ ಅತ್ತೆಗೆ ಹೇಳು, ನನಗಲ್ಲ. ಹಾಲ್‌ನಿಂದ ನಾನು ಹೊರಬಂದಾಗ ಹೊಳೆಯುತ್ತಿದ್ದ ನಿನ್ನ ಮುಖ ನೋಡಿದ್ದೇನೆ. ಬೇರೆ ಯಾರಾದರೂ ಬಿಟ್ಟರೆ ನಾನು ಈ ವರ್ಷವೇ ಒಳಗೆ ಬರುತ್ತೇನೆ, ಇಲ್ಲವಾದರೆ ಮುಂದಿನ ವಸಂತಕ್ಕೆ ಮತ್ತೆ ಪರೀಕ್ಷೆ. ಆಗ ಮಾತ್ರ ದಯವಿಟ್ಟು ಯಾರೂ ಜೊತೆಗೆ ಬರಬೇಡಿ. ಡಬ್ಬಿಯನ್ನು ನಾನೇ ಹೊತ್ತುಕೊಳ್ಳುತ್ತೇನೆ.